‘ಗೋ ಆಫ್’: ಅಲಾರಂ ಹೊಡೆಯಿತೋ, ನಿಂತಿತೋ?

ಯಲ್ಲಾಪುರ ನಾಕಾ

ಇಂಗ್ಲಿಷ್ ಕಲಿಸುವವರು, ಅನುವಾದ ಮಾಡುವವರು ದಯವಿಟ್ಟು ನೋಡಿ. ‘ದಿ ಅಲಾರಂ ವೆಂಟ್ ಆಫ್ ಆ್ಯಟ್ ಫೈವ್’ ಎಂದು ಕೊಟ್ಟರೆ ಹೈಸ್ಕೂಲು ಮಕ್ಕಳು ‘ಐದು ಗಂಟೆಗೆ ಅಲಾರಂ ಬಂದ್ ಆಯಿತು’ ಎಂದು ಬರೆಯುತ್ತಾರೆ. ಸರಿಯಾದದ್ದು ‘ಐದು ಗಂಟೆಗೆ ಅಲಾರಂ ಹೊಡೆಯಿತು’. ಆದರೆ ಮರುಸಾಲಿನಲ್ಲೇ ‘ದಿ ಪವರ್ ವೆಂಟ್ ಆಫ್ ಆ್ಯಟ್ ಫೈವ್’ ಬಂದರೆ ಅದು ಕರೆಂಟು ಹೋದದ್ದು. ಇನ್ನೂ ಮೂರು ಸೇರಿಸಿ:

ದಿ ಫಿಶ್ ಹ್ಯಾಸ್ ಗಾನ್ ಆಫ್.
ಶಿ ಹ್ಯಾಸ್ ಗಾನ್ ಆಫ್ ಫಿಶ್.
ದಿ ಫೇರ್ ವೆಂಟ್ ಆಫ್ ವೆಲ್.

ಐದೂ ಕಡೆ ಇರುವುದು ಅದೇ ‘ಗೋ ಆಫ್’, ಅರ್ಥ ಮಾತ್ರ ಐದು. ನಿಘಂಟಿನಲ್ಲಿ ಅರ್ಥಗಳ ಪಟ್ಟಿ ಸಿಗುತ್ತದೆ, ಯಾವ ಅರ್ಥ ಎಲ್ಲಿ ಎಂದು ತಿಳಿಯುವ ದಾರಿ ಸಿಗುವುದಿಲ್ಲ. ಬಾಯಿಪಾಠ ಮಾಡಿಸದೆ ಹೇಳಿಕೊಡುವುದು ಹೇಗೆ?

ಕೋಡಿಬಾಗ

ಮಕ್ಕಳ ತಪ್ಪಿಗೆ ಕಾರಣ ಇಂಗ್ಲಿಷಿನಲ್ಲಿಲ್ಲ, ನಮ್ಮ ಕನ್ನಡದಲ್ಲಿದೆ. ‘ಆಫ್’ ಈಗ ಕನ್ನಡದ್ದೇ ಶಬ್ದ. ಫ್ಯಾನ್ ಆಫ್ ಮಾಡು, ಮೊಬೈಲ್ ಆಫ್ ಆಯ್ತು, ಮೂಡ್ ಆಫ್ ಆಗಿದೆ ಎನ್ನುತ್ತೇವೆ. ಎಲ್ಲ ಕಡೆಯೂ ನಿಂತದ್ದು, ಆರಿದ್ದು. ಇತ್ತ ‘ಹೋಗು’ ಕೂಡ ನಮ್ಮಲ್ಲಿ ನಷ್ಟಕ್ಕೇ ಹೆಚ್ಚು ಬಳಕೆ: ಕರೆಂಟು ಹೋಯ್ತು, ಬಣ್ಣ ಹೋಯ್ತು, ಮಾನ ಹೋಯ್ತು, ಜೀವ ಹೋಯ್ತು. ‘ಗೋ’ಗೆ ‘ಹೋಗು’, ‘ಆಫ್’ಗೆ ‘ಆಫ್’ ಎಂದು ಕೂಡಿಸಿದ ಮಗುವಿಗೆ ‘ನಿಂತುಹೋಯಿತು’ ಎಂಬುದಲ್ಲದೆ ಬೇರೆ ಅರ್ಥ ಹೊಳೆಯುವುದು ಹೇಗೆ?

ಇಂಗ್ಲಿಷಿನ ‘ಆಫ್’ಗೆ ಮೊದಲಿನ ಅರ್ಥ ‘ದೂರಕ್ಕೆ, ಇದ್ದಲ್ಲಿಂದ ಕಳಚಿಕೊಂಡು’ ಎಂದು. ಸ್ವಿಚ್ಚಿನ ಅರ್ಥ ಬಹಳ ಆಮೇಲೆ ಬಂದದ್ದು. ‘ಕಪ್ ಆಫ್ ಟೀ’ ಅನ್ನುವಾಗಿನ ಒಂದೇ ‘ಎಫ್’ ಇರುವ ಶಬ್ದವೂ ಎರಡು ‘ಎಫ್’ ಇರುವ ಇದೂ ಹಳೆಯ ಇಂಗ್ಲಿಷಿನಲ್ಲಿ ಒಂದೇ ಆಗಿದ್ದವು. ಒತ್ತಿ ಹೇಳುವ ರೂಪ ಬೇರೆಯಾಗಿ ಇನ್ನೊಂದು ‘ಎಫ್’ ಪಡೆಯಿತು. ಆದ್ದರಿಂದ ‘ಗೋ ಆಫ್’ ಅಂದರೆ ‘ಇದ್ದ ಸ್ಥಿತಿಯಿಂದ ಕಳಚಿಕೊಳ್ಳುವುದು’ ಎಂದು ಇಟ್ಟುಕೊಳ್ಳಿ. ಆಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಆ ವಸ್ತು ಅದಕ್ಕೆ ಮೊದಲು ಹೇಗಿತ್ತು? ಅಲಾರಂ ಸುಮ್ಮನಿತ್ತು, ಆದ್ದರಿಂದ ಹೊಡೆಯಿತು. ಬಲ್ಬು ಉರಿಯುತ್ತಿತ್ತು, ಆದ್ದರಿಂದ ಆರಿತು. ಮೀನು ತಾಜಾ ಇತ್ತು, ಆದ್ದರಿಂದ ಕೆಟ್ಟಿತು. ಅವಳಿಗೆ ಮೀನು ಇಷ್ಟವಿತ್ತು, ಈಗ ಬೇಡವಾಯಿತು. ಅರ್ಥವನ್ನು ಕ್ರಿಯಾಪದದಲ್ಲಿ ಹುಡುಕಬಾರದು, ಕರ್ತೃವಿನಲ್ಲಿ ಹುಡುಕಬೇಕು.

ದೇವಿಮನೆ ಘಟ್ಟ

ಕೋಡಿಬಾಗದವರು ಹೇಳಿದ್ದಕ್ಕೆ ಯಂತ್ರದ ಕಡೆಯಿಂದ ಒಂದು ಪುರಾವೆ. ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವನ್ನು ಬೆನ್ನು ತಿರುಗಿಸಿ ನೋಡಿ. ಕೀಲಿ ಎರಡು. ಒಂದು ಮುಳ್ಳು ತಿರುಗಿಸುವ ಸ್ಪ್ರಿಂಗಿಗೆ, ಇನ್ನೊಂದು ಗಂಟೆಯ ಸ್ಪ್ರಿಂಗಿಗೆ. ಗಂಟೆಯ ಸ್ಪ್ರಿಂಗನ್ನು ಪೂರ್ತಿ ಬಿಗಿದರೂ ಸುತ್ತಿಗೆ ಅಲ್ಲಾಡುವುದಿಲ್ಲ, ಒಂದು ಸಣ್ಣ ಕೊಂಡಿ ಅದನ್ನು ತಡೆದು ಹಿಡಿದಿರುತ್ತದೆ. ಇಟ್ಟ ಸಮಯ ಬಂದಾಗ ಒಳಗಿನ ಚಕ್ರದ ಕಚ್ಚು ಸರಿಯಾದ ಜಾಗಕ್ಕೆ ಬಂದು ಕೊಂಡಿ ಜಾರುತ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಸುತ್ತಿಗೆ ಗಂಟೆಗೆ ಬಡಿಯುತ್ತದೆ. ಹಿಡಿತ ತಪ್ಪಿ ಹೊರಟದ್ದೇ ‘ವೆಂಟ್ ಆಫ್’.

ಬಂದೂಕಿನದ್ದೂ ಇದೇ ಲೆಕ್ಕ. ಚಕಮಕಿ ಕಲ್ಲಿನ ಕಾಲದ ಬಂದೂಕಿನಲ್ಲಿ ಕುದುರೆಯನ್ನು (ಕಲ್ಲು ಹಿಡಿದು ಬಡಿಯುವ ಭಾಗವನ್ನು) ಅರ್ಧ ಎಳೆದು ಕಚ್ಚಿಸಿದರೆ ಅದು ಸುರಕ್ಷಿತ ಸ್ಥಿತಿ. ಅಲ್ಲಿಂದಲೇ ಅದು ಹಾರಿಬಿಟ್ಟರೆ ‘ಗೋ ಆಫ್ ಹಾಫ್ ಕಾಕ್ಡ್’. ಈಗ ಅದಕ್ಕೆ ತಯಾರಿಯಿಲ್ಲದೆ ದುಡುಕುವುದು ಎಂಬ ಅರ್ಥ ಬಂದಿದೆ. ಬಂದೂಕು, ಬಾಂಬು, ಪಟಾಕಿ, ಸೈರನ್, ಅಲಾರಂ, ಕ್ಯಾಮೆರಾದ ಫ್ಲ್ಯಾಶ್ ಎಲ್ಲ ಒಂದೇ ಗುಂಪು. ಶಕ್ತಿ ಒಳಗೆ ಕಟ್ಟಿಟ್ಟಿರುತ್ತದೆ, ಸಮಯಕ್ಕೆ ಒಮ್ಮೆಲೇ ಹೊರಬರುತ್ತದೆ. ಮೊಬೈಲಿನಲ್ಲಿ ಸ್ಪ್ರಿಂಗೂ ಇಲ್ಲ, ಕೊಂಡಿಯೂ ಇಲ್ಲ, ಮಾತು ಉಳಿದಿದೆ.

ಸದಾಶಿವಗಡ

ಕರ್ತೃ ನೋಡಿ ಅನ್ನುವುದು ಸರಿ. ಆದರೆ ಪರೀಕ್ಷೆಗೆ ಕೂತ ಮಗುವಿಗೆ ಅನುಮಾನ ಬಂದಾಗ ಒರೆಗೆ ಹಚ್ಚಲು ಏನಾದರೂ ಬೇಕು. ಎರಡು ಉಪಾಯ ಇವೆ.

ಮೊದಲನೆಯದು, ‘ಗೋ ಆಫ್’ ತೆಗೆದು ‘ಈಸ್ ಆಫ್’ ಹಾಕಿ ನೋಡುವುದು. ‘ದಿ ಲೈಟ್ ವೆಂಟ್ ಆಫ್’ ಆದ ಮೇಲೆ ‘ದಿ ಲೈಟ್ ಈಸ್ ಆಫ್’ ಸರಿ. ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಆದ ಮೇಲೆ ‘ದಿ ಮಿಲ್ಕ್ ಈಸ್ ಆಫ್’ ಕೂಡ ಸರಿ, ಹಾಲು ಕೆಟ್ಟಿದೆ. ಆದರೆ ‘ದಿ ಅಲಾರಂ ವೆಂಟ್ ಆಫ್’ ಆದ ಮೇಲೆ ‘ದಿ ಅಲಾರಂ ಈಸ್ ಆಫ್’ ಎಂದರೆ ಅರ್ಥ ತಿರುಗಿ ಬೀಳುತ್ತದೆ, ಅಲಾರಂ ಹೊಡೆಯುತ್ತಿಲ್ಲ, ಅಥವಾ ಇಟ್ಟೇ ಇಲ್ಲ ಎಂದಾಗುತ್ತದೆ. ಇನ್ನೂ ದೊಡ್ಡ ಗುಂಡಿ ಸಭೆಯದ್ದು. ‘ದಿ ಮೀಟಿಂಗ್ ವೆಂಟ್ ಆಫ್ ವೆಲ್’ ಎಂದರೆ ಸಭೆ ಚೆನ್ನಾಗಿ ನಡೆಯಿತು. ‘ದಿ ಮೀಟಿಂಗ್ ಈಸ್ ಆಫ್’ ಎಂದರೆ ಸಭೆ ರದ್ದು. ಇದನ್ನು ಅದಲುಬದಲು ಮಾಡಿ ಮೆಸೇಜು ಕಳಿಸಿದರೆ ಜನ ಬರುವುದೇ ಇಲ್ಲ.

ಎರಡನೆಯದು ನನ್ನ ಮಟ್ಟಿಗೆ ಹೆಚ್ಚು ಗಟ್ಟಿ. ‘ಯಾರು ಹಾಗೆ ಮಾಡಿದರು’ ಎಂದು ಕೇಳಿ. ಕನ್ನಡದಲ್ಲಿ ‘ಇಸು’ ಸೇರಿಸಿದರೆ ಕೆಲಸ ಮುಗಿಯಿತು: ಸಿಡಿಯಿತು, ಸಿಡಿಸಿದ, ಆರಿತು, ಆರಿಸಿದ, ಕೆಟ್ಟಿತು, ಕೆಡಿಸಿದ. ಇಂಗ್ಲಿಷಿನಲ್ಲಿ ಕ್ರಿಯಾಪದವೇ ಬದಲಾಗುತ್ತದೆ. ಸೈರನ್ ‘ಗೋ ಆಫ್’ ಆಗುವ ಹಾಗೆ ಮಾಡುವುದು ‘ಸೆಟ್ ಆಫ್’. ದೀಪ ‘ಗೋ ಆಫ್’ ಆಗುವ ಹಾಗೆ ಮಾಡುವುದು ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’. ಮೀನಿನ ಮೇಲಿನ ಆಸೆ ಹೋಗುವ ಹಾಗೆ ಮಾಡುವುದು ‘ಪುಟ್ ಆಫ್’. ‘ದಿ ಸ್ಮೆಲ್ ಪುಟ್ ಹರ್ ಆಫ್ ಫಿಶ್’, ಆ ವಾಸನೆಗೆ ಅವಳಿಗೆ ಮೀನೇ ಬೇಡವಾಯಿತು. ಹಾಲು ಕೆಡಿಸಲು ಮಾತ್ರ ‘ಆಫ್’ ಇರುವ ಜೊತೆಗಾರ ಇಲ್ಲ, ಅಲ್ಲಿ ‘ಸ್ಪಾಯಿಲ್’ ಎನ್ನಬೇಕು. ಯಾವ ಜೊತೆಗಾರ ಒಪ್ಪುತ್ತಾನೆ ನೋಡಿ, ಅರ್ಥ ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಕುಮಟಾ ಸ್ಟೇಶನ್

‘ಸೆಟ್ ಆಫ್’ಗೆ ಹೊರಡುವುದು ಎಂಬ ಅರ್ಥವೂ ಇದೆಯಲ್ಲ? ‘ದೇ ಸೆಟ್ ಆಫ್ ಫಾರ್ ಗೋಕರ್ಣ.’

ಸದಾಶಿವಗಡ

ಇದೆ. ಅದರ ನಂತರ ‘ಫಾರ್’ ಮತ್ತು ಊರು ಬರಬಹುದು, ಕರ್ಮಪದ ಬರುವುದಿಲ್ಲ. ಅಲಾರಂ, ಪಟಾಕಿ, ಗಲಾಟೆ ಕರ್ಮವಾಗಿ ಬಂದರೆ ಅದು ಶುರು ಮಾಡಿಸುವ ‘ಸೆಟ್ ಆಫ್’.

ಬೈತಖೋಲ

ಮೀನಿನ ವಾಕ್ಯ ಎತ್ತಿದ್ದಕ್ಕೆ ಇಷ್ಟು. ಇಂಗ್ಲಿಷಿನವರು ಕೆಟ್ಟ ಆಹಾರಕ್ಕೆಲ್ಲ ‘ಗಾನ್ ಆಫ್’ ಎಂದು ಮುಗಿಸುತ್ತಾರೆ. ಇದು ಬ್ರಿಟಿಷ್ ರೂಢಿ. ಅಮೆರಿಕದವರು ಹೆಚ್ಚಾಗಿ ‘ಗಾನ್ ಬ್ಯಾಡ್’ ಎನ್ನುತ್ತಾರೆ. ಕನ್ನಡಕ್ಕೆ ತರುವಾಗ ‘ಹಾಳಾಯಿತು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಒಂದೊಂದು ಪದಾರ್ಥ ಕೆಡುವ ಬಗೆಗೆ ನಮ್ಮಲ್ಲಿ ಒಂದೊಂದು ಮಾತಿದೆ. ಅನ್ನ, ಸಾರು ಹಳಸುತ್ತದೆ. ಹಾಲು ಒಡೆಯುತ್ತದೆ. ಕೊಬ್ಬರಿ ಎಣ್ಣೆ ಕಮಟಾಗುತ್ತದೆ. ಹಣ್ಣು ಕೊಳೆಯುತ್ತದೆ. ಬೆಲ್ಲಕ್ಕೆ, ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಮೀನು ನಾರುತ್ತದೆ. ಮಳೆಗಾಲದಲ್ಲಿ ಹಲಸಿನ ಹಪ್ಪಳ ಮೆತ್ತಗಾಗುವುದು ಕೆಡುವುದಲ್ಲ, ಅದಕ್ಕೆ ‘ಗಾನ್ ಆಫ್’ ಹಾಕಬಾರದು, ‘ಗಾನ್ ಸಾಫ್ಟ್’.

ಕಾಲವೂ ಮುಖ್ಯ. ಅಲಾರಂ ಒಂದು ಕ್ಷಣದಲ್ಲಿ ‘ವೆಂಟ್ ಆಫ್’. ಮೀನು ನಿಧಾನವಾಗಿ ಕೆಡುವುದರಿಂದ ‘ಈಸ್ ಗೋಯಿಂಗ್ ಆಫ್’ ಎಂದರೆ ಕೆಡಲು ಶುರುವಾಗಿದೆ, ‘ಹ್ಯಾಸ್ ಗಾನ್ ಆಫ್’ ಎಂದರೆ ಕೆಟ್ಟೇ ಹೋಗಿದೆ. ಬಂಗುಡೆಯ ಕಿವಿರು ಎತ್ತಿ ನೋಡಿದರೆ ಎರಡರ ವ್ಯತ್ಯಾಸ ಕಾಣುತ್ತದೆ. ಕೆಂಪು ಕಿವಿರು, ಉಬ್ಬಿದ ಕಣ್ಣು, ಒತ್ತಿದ ಬೆರಳಿನ ಗುಳಿ ತಕ್ಷಣ ತುಂಬುವ ಮೈ ಇದ್ದರೆ ತಾಜಾ. ಕಿವಿರು ಕಂದಿ ಲೋಳೆಗಟ್ಟಿ, ಕಣ್ಣು ಮಬ್ಬಾಗಿ ಒಳಗೆ ಹೋಗುತ್ತಿದ್ದರೆ ‘ಗೋಯಿಂಗ್’. ಗುಳಿ ಹಾಗೇ ಉಳಿದು ಹೊಟ್ಟೆ ಒಡೆದಿದ್ದರೆ ‘ಗಾನ್’. ಒಂದು ಎಚ್ಚರ: ಬಂಗುಡೆ, ಸೂರೆ (ಟ್ಯೂನಾ) ಮೀನುಗಳನ್ನು ಐಸಿಲ್ಲದೆ ಬಿಸಿಲಲ್ಲಿ ಇಟ್ಟರೆ ತಿಂದವರಿಗೆ ವಿಷವಾಗುವ ಹಿಸ್ಟಮಿನ್ ಎಂಬ ವಸ್ತು ಕಟ್ಟಿಕೊಳ್ಳುತ್ತದೆ. ಅದು ಕುದಿಸಿದರೂ ಹೋಗುವುದಿಲ್ಲ, ಮೂಗಿಗೂ ಯಾವಾಗಲೂ ಸಿಗುವುದಿಲ್ಲ. ನಮ್ಮ ಸೆಕೆಗೆ ಮೀನಿನಷ್ಟೇ ತೂಕದ ಐಸು ಬೇಕು. ‘ಇಟ್ ಡಸಂಟ್ ಸ್ಮೆಲ್ ಆಫ್’ ಅನ್ನುವ ವಾಕ್ಯವನ್ನು ನಂಬಿ ತಿನ್ನುವ ಹಾಗಿಲ್ಲ.

ಯಲ್ಲಾಪುರ ನಾಕಾ

ಹಾಲು ಒಡೆಯುವುದು ‘ಕರ್ಡಲ್’ ಅಲ್ಲವೇ?

ಬೈತಖೋಲ

ಹೌದು, ಅದು ನನ್ನ ಅವಸರ. ಕಾಯಿಸುವಾಗ ನೀರು ಬೇರೆ, ಗಸಿ ಬೇರೆ ಆದದ್ದು ‘ಕರ್ಡಲ್ಡ್’. ಪ್ಯಾಕೆಟ್ ಬಿಚ್ಚಿದಾಗಲೇ ಹುಳಿ ನಾತ ಬಂದರೆ ‘ಗಾನ್ ಆಫ್’. ಒಳ್ಳೆಯ ಹಾಲಿಗೆ ನಿಂಬೆರಸ ಹಿಂಡಿದರೂ ಒಡೆಯುತ್ತದೆ, ಅದನ್ನು ಯಾರೂ ‘ಗಾನ್ ಆಫ್’ ಎನ್ನುವುದಿಲ್ಲ.

ತದಡಿ ಬಂದರು

ಇಲ್ಲಿ ಯಾರೂ ಹೇಳದ ಅರ್ಥ ಒಂದಿದೆ. ಫೈಬರ್ ದೋಣಿ ರಿಪೇರಿಯ ಇಂಗ್ಲಿಷ್ ಕೈಪಿಡಿಗಳಲ್ಲಿ ‘ವರ್ಕ್ ಕ್ವಿಕ್ಲಿ ಬಿಫೋರ್ ದಿ ರೆಸಿನ್ ಗೋಸ್ ಆಫ್’ ಎಂದು ಬರುತ್ತದೆ. ರೆಸಿನ್ (ಫೈಬರಿಗೆ ಸವರುವ ಅಂಟುದ್ರವ) ಕೆಟ್ಟುಹೋಗುವ ಮೊದಲು ಎಂದು ಓದಿಕೊಂಡರೆ ಡಬ್ಬದ ಮೇಲಿನ ಎಕ್ಸ್‌ಪೈರಿ ತಾರೀಖು ನೋಡುತ್ತಾ ಕೂರುತ್ತೀರಿ. ಇಲ್ಲಿ ‘ಗೋಸ್ ಆಫ್’ ಎಂದರೆ ಗಟ್ಟಿಯಾಗುವುದು. ಬ್ರಿಟನ್ನಿನ ಗಾರೆ ಕೆಲಸದವರು ಸಿಮೆಂಟಿಗೂ ಇದನ್ನೇ ಹೇಳುತ್ತಾರೆ: ‘ಲೀವ್ ಇಟ್ ಟಿಲ್ ದಿ ಮಾರ್ಟರ್ ಹ್ಯಾಸ್ ಗಾನ್ ಆಫ್’, ಗಾರೆ ಹಿಡಿದುಕೊಳ್ಳುವ ತನಕ ಮುಟ್ಟಬೇಡ.

ಕೆಲಸ ಗೊತ್ತಿದ್ದರೆ ವಾಕ್ಯ ಮರೆಯುವುದಿಲ್ಲ, ಅದಕ್ಕೇ ವಿವರ ಬರೆಯುತ್ತೇನೆ. ಪಾಲಿಯೆಸ್ಟರ್ ರೆಸಿನ್‌ಗೆ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಸಾಮಾನ್ಯವಾಗಿ ನೂರಕ್ಕೆ 1ರಿಂದ 2 ಭಾಗ. 1 ಕಿಲೋ ರೆಸಿನ್‌ಗೆ 10ರಿಂದ 20 ಗ್ರಾಂ. ಹಾಕಿದ ಮೇಲೆ ಅದು ಸ್ವಲ್ಪ ಹೊತ್ತು ನೀರಾಗಿಯೇ ಇರುತ್ತದೆ, ಆಮೇಲೆ ಒಮ್ಮೆಲೇ ಜೆಲ್ಲಿಯಂತಾಗುತ್ತದೆ, ಬ್ರಶ್ಶಿಗೆ ದಾರದಂತೆ ಎಳೆ ಬರುತ್ತದೆ. ಆ ಹೊತ್ತೇ ‘ಇಟ್ಸ್ ಗೋಯಿಂಗ್ ಆಫ್’. ಅಲ್ಲಿಂದ ಮುಂದೆ ಗಾಜಿನ ನಾರಿನ ಮ್ಯಾಟಿಗೆ ಸವರಿದರೆ ಒಳಗೆ ಇಳಿಯುವುದಿಲ್ಲ, ಗಾಳಿಗುಳ್ಳೆ ಉಳಿದು ಪದರ ಬಿಡುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಈ ಹೊತ್ತು ಬೇಗ ಬರುತ್ತದೆ. ಆಳವಾದ ಡಬ್ಬದಲ್ಲಿ ಒಟ್ಟಿಗೆ ಕಲಸಿಟ್ಟರೆ ತನ್ನದೇ ಶಾಖಕ್ಕೆ ಇನ್ನೂ ಬೇಗ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ ಅಗಲದ ತಟ್ಟೆಗೆ ಸುರಿದುಕೊಳ್ಳಬೇಕು.

ಕ್ಯಾಟಲಿಸ್ಟನ್ನೂ, ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ತಪ್ಪಿದರೆ ಸಿಡಿಯುತ್ತದೆ, ಅದು ದೇವಿಮನೆಯವರು ಹೇಳಿದ ಬಂದೂಕಿನ ‘ಗೋ ಆಫ್’.

ಕೋಡಿಬಾಗ

ತದಡಿಯವರ ಉದಾಹರಣೆ ನಾನು ಹೇಳಿದ ಸೂತ್ರಕ್ಕೂ ಹೊಂದುತ್ತದೆ: ನೀರಾಗಿದ್ದದ್ದು ಆ ಸ್ಥಿತಿ ಬಿಟ್ಟಿತು. ಕನ್ನಡಕ್ಕೆ ‘ಹಿಡಿಯಿತು’ ಎಂಬುದೇ ಚೆನ್ನ. ನಮ್ಮ ‘ಹಿಡಿ’ಯೂ ಇಂಥದ್ದೇ ಬಹುರೂಪಿ: ಸಿಮೆಂಟು ಹಿಡಿಯಿತು, ತುಕ್ಕು ಹಿಡಿಯಿತು, ಮಳೆ ಹಿಡಿಯಿತು, ಹುಚ್ಚು ಹಿಡಿಯಿತು, ಅವನು ಊರಿನ ದಾರಿ ಹಿಡಿದ. ತರಗತಿಯಲ್ಲಿ ಇದನ್ನು ಮೊದಲು ಬೋರ್ಡಿನ ಮೇಲೆ ಬರೆದು ಅರ್ಥ ಕೇಳಿ. ಕರ್ತೃ ನೋಡಿ ಅರ್ಥ ಹಿಡಿಯುವುದು ಮಕ್ಕಳಿಗೆ ಈಗಾಗಲೇ ಬರುತ್ತದೆ, ಅದು ತಮಗೆ ಬರುತ್ತದೆ ಎಂದು ಮಾತ್ರ ಅವರಿಗೆ ಗೊತ್ತಿಲ್ಲ.

ಬನವಾಸಿ ರಸ್ತೆ

ಐದನೇ ವಾಕ್ಯ ಉಳಿದಿದೆ. ‘ದಿ ಫೇರ್ ವೆಂಟ್ ಆಫ್ ವೆಲ್.’ ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮುಗಿದ ಮರುದಿನ ಕನ್ನಡ ವರದಿಯಲ್ಲಿ ‘ಜಾತ್ರೆ ಸಾಂಗವಾಗಿ ನೆರವೇರಿತು’ ಎಂದು ಇರುತ್ತದೆ. ‘ವೆಂಟ್ ಆಫ್ ವೆಲ್’ಗೆ ಅದಕ್ಕಿಂತ ಒಳ್ಳೆಯ ಕನ್ನಡ ಇಲ್ಲ.

ಇಲ್ಲಿ ‘ವೆಲ್’ ಬಿಡುವ ಹಾಗಿಲ್ಲ. ‘ದಿ ಫೇರ್ ವೆಂಟ್ ಆಫ್’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೇ ನಿಂತ ಹಾಗೆ, ಓದುವವರು ಮುಂದಿನ ಶಬ್ದಕ್ಕೆ ಕಾಯುತ್ತಾರೆ. ‘ವೆಲ್’, ‘ಸ್ಮೂದ್ಲಿ’, ‘ಆ್ಯಸ್ ಪ್ಲ್ಯಾನ್ಡ್’, ‘ವಿದೌಟ್ ಎ ಹಿಚ್’ ಇವುಗಳಲ್ಲಿ ಒಂದು ಬೇಕೇ ಬೇಕು. ಅಲಾರಂಗೆ, ಮೀನಿಗೆ ಇಂಥ ಬಾಲ ಬೇಕಾಗುವುದಿಲ್ಲ. ‘ನೆರವೇರಿತು’ ಎಂಬುದರಲ್ಲಿ ಒಳ್ಳೆಯದಾಯಿತು ಎಂಬುದು ಒಳಗೇ ಇದೆ, ಇಂಗ್ಲಿಷಿನಲ್ಲಿ ಅದನ್ನು ಹೊರಗೆ ಹೇಳಬೇಕು.

ಯಕ್ಷಗಾನದ ಇಂಗ್ಲಿಷ್ ವಿವರಣೆ ಬರೆಯುವವರಿಗೆ ಇನ್ನೊಂದು: ಪಾತ್ರ ರಂಗದಿಂದ ನಿರ್ಗಮಿಸುವುದಕ್ಕೂ ‘ಗೋಸ್ ಆಫ್’ ಎನ್ನುತ್ತಾರೆ, ಬರುವುದಕ್ಕೆ ‘ಕಮ್ಸ್ ಆನ್’. ಆದರೆ ‘ದಿ ಡೀಮನ್ ಗೋಸ್ ಆಫ್’ ಎಂದಷ್ಟೇ ಬರೆದರೆ ಬಣ್ಣದ ವೇಷ ಅಬ್ಬರಿಸಿತೋ ಒಳಗೆ ಹೋಯಿತೋ ತಿಳಿಯದು. ಅಲ್ಲಿ ‘ಎಕ್ಸಿಟ್ಸ್’ ಎಂದು ಬರೆಯುವುದೇ ಲೇಸು.

ಕುಮಟಾ ಸ್ಟೇಶನ್

ಸುದ್ದಿ ಅನುವಾದಿಸುವವರಿಗೆ ಒಂದು ಮಾತು, ಇದರಲ್ಲಿ ಸಡಿಲ ಬಿಡಬಾರದು. ‘ದಿ ಗನ್ ವೆಂಟ್ ಆಫ್’ ಎಂಬುದನ್ನು ‘ಗುಂಡು ಹಾರಿಸಿದ’ ಎಂದು ಬರೆಯಬೇಡಿ. ಇಂಗ್ಲಿಷಿನಲ್ಲಿ ಕರ್ತೃ ಬಂದೂಕು, ಮನುಷ್ಯ ಅಲ್ಲ. ‘ಗುಂಡು ಹಾರಿತು’ ಅಷ್ಟೇ. ಯಾರು, ಬೇಕೆಂದೋ ಅಲ್ಲವೋ ಎಂಬುದನ್ನು ಆ ವಾಕ್ಯ ಹೇಳುವುದೇ ಇಲ್ಲ. ‘ಹಾರಿಸಿದ’ ಎಂದ ಕೂಡಲೇ ಇಲ್ಲದ ಆರೋಪ ಹೊರಿಸಿದಂತೆ. ಕಾಡುಹಂದಿ ಕಾಯುವ ಬಂದೂಕಿನ ಆಕಸ್ಮಿಕದ ವರದಿಯಲ್ಲಿ ಈ ಒಂದು ‘ಇಸು’ ಮನುಷ್ಯನನ್ನು ಅಪರಾಧಿ ಮಾಡಿಬಿಡುತ್ತದೆ. ‘ಹಿ ಫೈರ್ಡ್’ ಎಂದಿದ್ದರೆ ಮಾತ್ರ ‘ಹಾರಿಸಿದ’.

ತಾನಾಗಿ ಆದದ್ದಕ್ಕೆ ನಮ್ಮಲ್ಲಿ ‘ಕೊಳ್ಳು’ ಇದೆ. ‘ಸೈರನ್ ಹೊಡೆದುಕೊಂಡಿತು’ ಎನ್ನಿ, ‘ವೆಂಟ್ ಆಫ್’ನ ಭಾವ ಪೂರ್ತಿ ಬರುತ್ತದೆ.

ಯಲ್ಲಾಪುರ ನಾಕಾ

ಇನ್ನು ಮೂರು ಅನುಮಾನ. ‘ದಿ ಲಾರಿ ವೆಂಟ್ ಆಫ್ ದಿ ರೋಡ್ ಇನ್ ಅರಬೈಲ್ ಘಾಟ್’ ಇದರಲ್ಲಿ ಯಾವ ಅರ್ಥ? ‘ದಿ ಆಯಿಲ್ ಲ್ಯಾಂಪ್ ವೆಂಟ್ ಆಫ್’ ಸರಿಯೇ? ‘ಗಾನ್ ಆಫ್ ಫಿಶ್’ ಅನ್ನುವುದನ್ನು ‘ಗಾನ್ ಫಿಶ್ ಆಫ್’ ಎನ್ನಬಹುದೇ, ‘ಟರ್ನ್ ದಿ ಲೈಟ್ ಆಫ್’ ಎಂದ ಹಾಗೆ?

ಸದಾಶಿವಗಡ

ಲಾರಿಯದ್ದು ಈ ಲೆಕ್ಕಕ್ಕೇ ಸೇರುವುದಿಲ್ಲ. ಅಲ್ಲಿ ‘ಆಫ್ ದಿ ರೋಡ್’ ಒಂದು ತುಂಡು: ರಸ್ತೆ ಬಿಟ್ಟು. ಲಾರಿ ರಸ್ತೆ ಬಿಟ್ಟು ಇಳಿಯಿತು.

ಎಣ್ಣೆ ದೀಪ, ಮೇಣದ ಬತ್ತಿ, ಒಲೆಯ ಬೆಂಕಿ ‘ವೆಂಟ್ ಔಟ್’ ಆಗುತ್ತವೆ, ‘ವೆಂಟ್ ಆಫ್’ ಅಲ್ಲ. ಬಲ್ಬಿಗೆ ಎರಡೂ ನಡೆಯುತ್ತದೆ. ಗ್ಯಾಸ್ ಒಲೆಗೆ ನಾಬು ಇರುವುದರಿಂದ ‘ಟರ್ನ್ ಆಫ್’ ಸರಿ, ಗಾಳಿಗೆ ತಾನಾಗಿ ನಂದಿದರೆ ಆ ಜ್ವಾಲೆ ‘ವೆಂಟ್ ಔಟ್’.

ಮೂರನೆಯದು ಆಗದು. ‘ಗೋ ಆಫ್’ ಬೇಡವಾಗುವ ಅರ್ಥದಲ್ಲಿ ಬಂದಾಗ ನಡುವೆ ಏನನ್ನೂ ತೂರಿಸಲು ಬಿಡುವುದಿಲ್ಲ. ಸರ್ವನಾಮ ಬಂದರೂ ‘ಗಾನ್ ಆಫ್ ಇಟ್’. ‘ಟರ್ನ್ ಆಫ್’ನಲ್ಲಿ ಅದಕ್ಕೆ ತದ್ವಿರುದ್ಧ: ಸರ್ವನಾಮವಾದರೆ ನಡುವೆಯೇ ಇರಬೇಕು, ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ತಪ್ಪು. ಇನ್ನೊಂದು: ಮೊದಲೇ ಇಷ್ಟವಿಲ್ಲದ್ದಕ್ಕೆ ‘ಗಾನ್ ಆಫ್’ ಹೇಳಬಾರದು. ಮೀನು ಮುಟ್ಟದ ಮನೆಯವರು ‘ಐ ಹ್ಯಾವ್ ಗಾನ್ ಆಫ್ ಫಿಶ್’ ಎಂದರೆ ಮುಂಚೆ ತಿನ್ನುತ್ತಿದ್ದರು ಎಂದಾಗುತ್ತದೆ.

ದೇವಿಮನೆ ಘಟ್ಟ

ಚಿಲ್ಲರೆ ಅರ್ಥಗಳು, ಒಟ್ಟಿಗೆ. ‘ಗೋ ಆಫ್ ವಿತ್ ಮೈ ಅಂಬ್ರೆಲಾ’ ಎಂದರೆ ಕೇಳದೆ ಕೊಡೆ ಒಯ್ದದ್ದು. ‘ಗೋ ಆಫ್ ಆನ್ ಸಮ್‌ಒನ್’ ಅಮೆರಿಕದ್ದು, ಯಾರ ಮೇಲೋ ರೇಗಿ ಕೂಗಾಡುವುದು. ‘ಗೋ ಆಫ್ ಆ್ಯಟ್ ಎ ಟ್ಯಾಂಜೆಂಟ್’ ಎಂದರೆ ವಿಷಯ ಬಿಟ್ಟು ಹೊರಗೆ ಹೋಗುವುದು. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ನೇರ ಹೊರಟುಹೋಗುವ ಸ್ಪರ್ಶರೇಖೆಯ ಚಿತ್ರ ಬರೆದು ತೋರಿಸಿ. ಅಮೆರಿಕದವರು ಅಲ್ಲಿ ‘ಆ್ಯಟ್’ ಬದಲು ‘ಆನ್’ ಹಾಕುತ್ತಾರೆ.

ಬೈತಖೋಲ

ದೋಣಿಯವರಿಗೆ ಬೇಕಾದದ್ದು ಬಿಟ್ಟುಹೋಗಿದೆ. ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯಲ್ಲಿ ‘ಅಲಾಂಗ್ ಆ್ಯಂಡ್ ಆಫ್ ಕರ್ನಾಟಕ ಕೋಸ್ಟ್’ ಎಂದು ಇರುತ್ತದೆ. ಈ ‘ಆಫ್’ ಬಂದ್ ಆಗಿದೆ ಎಂದಲ್ಲ, ಷಷ್ಠಿ ವಿಭಕ್ತಿಯ ಅರ್ಥ ಕೊಡುವ ಒಂದೇ ‘ಎಫ್’ನ ‘ಆಫ್’ ಕೂಡ ಅಲ್ಲ. ‘ಅಲಾಂಗ್’ ದಡದ ಉದ್ದಕ್ಕೂ, ‘ಆಫ್’ ದಡದಿಂದ ಆಚೆಯ ಸಮುದ್ರದಲ್ಲಿ. ಎರಡೂ ಇದ್ದರೆ ದಡದ ಹತ್ತಿರ ಬಲೆ ಬೀಸುವ ಪಾತಿ ದೋಣಿಗೂ ಎಚ್ಚರಿಕೆ, ಆಳಕ್ಕೆ ಹೋಗುವ ಬೋಟಿಗೂ ಎಚ್ಚರಿಕೆ. ಕೋಡಿಬಾಗದವರು ಹೇಳಿದ ‘ದೂರಕ್ಕೆ’ ಅನ್ನುವ ಹಳೆಯ ಅರ್ಥ ಇಲ್ಲಿ ಹಾಗೇ ಉಳಿದಿದೆ.

ಯಲ್ಲಾಪುರ ನಾಕಾ

ಎಲ್ಲರಿಗೂ ವಂದನೆ. ‘ಹಿಡಿ’ಯಿಂದ ಶುರು ಮಾಡಿ, ‘ಮೊದಲು ಹೇಗಿತ್ತು’ ಎಂಬ ಪ್ರಶ್ನೆ, ಆಮೇಲೆ ‘ಸೆಟ್, ಟರ್ನ್, ಪುಟ್’ ಜೊತೆಗಾರರು, ಈ ಕ್ರಮದಲ್ಲಿ ಪಾಠ ಬರೆಯುತ್ತೇನೆ. ಕೊನೆಯ ಅಭ್ಯಾಸಕ್ಕೆ ಒಂದೇ ವಾಕ್ಯ ಕೊಡುವುದಾದರೆ ಯಾವುದು?

ಸದಾಶಿವಗಡ

‘ದಿ ಅಲಾರಂ ವೆಂಟ್ ಆಫ್, ಸೋ ಶಿ ಟರ್ನ್ಡ್ ಇಟ್ ಆಫ್.’ ಅಲಾರಂ ಹೊಡೆದುಕೊಂಡಿತು, ಅವಳು ಅದನ್ನು ನಿಲ್ಲಿಸಿದಳು. ಎರಡು ‘ಆಫ್’ಗೂ ಬೇರೆ ಬೇರೆ ಕನ್ನಡ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ.